ಅರ್ಕಾವೊತ್ತಿನ ಟೀಚರಮ್ಮ

ಟೀಚರಮ್ಮನ ಎಡ ಮುಂಗೈ ಯಾವಾಗಲೂ ಬೆಳ್ಳಗಿರುತ್ತಿತ್ತು. ಸ್ಲೇಟನ್ನು ಅವರು ಬಟ್ಟೆಯಿಂದ ಒರೆಸುತ್ತಿರಲಿಲ್ಲ, ಮುಂಗೈಯಿಂದಲೇ ಒರೆಸುತ್ತಿದ್ದರು. ಮೊದಲ ದಿನ ನೋಡಿದ ನಮ್ಮತ್ತೆ ಅದನ್ನು ವಿಭೂತಿ ಎಂದುಕೊಂಡು, "ಒಳ್ಳೆ ಮನೆತನದೋಳು, ಇಟ್ಕೊ" ಎಂದರು. ನಾನು ಇಟ್ಟುಕೊಂಡದ್ದು ಬೇರೆ ಕಾರಣಕ್ಕೆ: ಅಗ್ಗವಾಗಿ ಸಿಕ್ಕರು. ತಿಂಗಳಿಗೆ ನಾಲ್ಕು ಕೆಜಿ ಕಡಲೆಕಾಯಿ ಎಣ್ಣೆ, ವರ್ಷಕ್ಕೊಂದು ಕಂಬಳಿ. ರೊಕ್ಕ ಬೇಡವೆಂದರು. ಗಂಡ ತೀರಿಕೊಂಡ ಮೇಲೆ ನಮ್ಮ ಚಳ್ಳಕೆರೆಯಲ್ಲೇ ಭಾವನ ಮನೆಯಲ್ಲಿದ್ದರು. "ರೊಕ್ಕ ಆದ್ರೆ ಭಾವನ ಜೇಬಿಗೆ ಹೋಗ್ತೈತಕ್ಕ. ಎಣ್ಣೆ ಆದ್ರೆ ಮೊಳಕಾಲ್ಮೂರಿಗೆ, ನಮ್ಮವ್ವನ ಒಲಿಗೆ ಹೋಗ್ತೈತೆ."

ಅವರು ಕೇಳಿದ್ದು ಆರು ಕೆಜಿ, ಮಗುವಿಗೆ ಎರಡರಂತೆ. ನಾನು ತಲೆಯ ಮೇಲೆ ಎಣ್ಣೆ ಡಬ್ಬಿ ಹೊತ್ತು ಮನೆಮನೆಗೆ ಮಾರಿ, ಆಮೇಲೆ ಸ್ವಂತ ಮಿಲ್ಲು ಹಾಕಿದವಳು. ಹೇಳಿದ ರೇಟಿಗೆ ದೇವರು ವರ ಕೊಟ್ಟರೂ ತೆಗೆದುಕೊಳ್ಳುವವಳಲ್ಲ.

"ಮೂರು ಒಟ್ಟಿಗೆ ಕೊಡ್ತಿದೀನಿ ಟೀಚರಮ್ಮ, ರೇಟು ಇಳೀಬೇಕಲ್ವಾ?"

"ಮೂರು ಒಟ್ಟಿಗೆ ಎಲ್ಲೈತಕ್ಕ? ಒಂದೊಂದಾಗಿ ಮೂರು ಅದಾವೆ."

ಇದು ಚೌಕಾಸಿಯ ಮಾತು ಎಂದುಕೊಂಡು ನಕ್ಕುಬಿಟ್ಟೆ. ನಾಲ್ಕಕ್ಕೆ ಒಪ್ಪಿದರು. ಗೆದ್ದೆ ಎಂದುಕೊಂಡೆ.

ತೊಂಬತ್ತರ ದಶಕದ ನಡುವಿನ ಮಾತಿದು. ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕಲಿಸುವುದೆಂದರೆ ಊರಿನವರು ನಮಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಮಗಳಿಗೆ ಏಳು ವರ್ಷ. ಅಕ್ಷರವೆಲ್ಲ ಬರುತ್ತಿತ್ತು, ಒತ್ತಕ್ಷರ ಬಂದರೆ ನಾಲಿಗೆ ಕಟ್ಟುತ್ತಿತ್ತು. ಶಾಲೆಯವರು ಎರಡನೇ ಸಲವೂ ಅದೇ ತರಗತಿಯಲ್ಲಿ ಕೂರಿಸುತ್ತೇವೆ ಎಂದರು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಮಗ ಪೇಪರನ್ನು ಒಂದೇ ಉಸಿರಿಗೆ ಓದುತ್ತಿದ್ದ, ತರಗತಿಯಲ್ಲಿ ಬೇಸರವಾಗಿ ಪಕ್ಕದವರನ್ನು ಚಿವುಟುತ್ತಿದ್ದ. ಕಿರಿಯವನಿಗೆ ಐದು, ಕುಂಡಿ ನೆಲಕ್ಕೆ ತಾಗುತ್ತಿರಲಿಲ್ಲ. ಮೂವರನ್ನೂ ಬಿಡಿಸಿ ತಂದೆ.

ಟೀಚರಮ್ಮ ಮೂವರಿಗೂ ಒಂದೇ ಪುಸ್ತಕ ಹಿಡಿಯಲಿಲ್ಲ. ದೊಡ್ಡವನಿಗೆ, ಪೇಪರಿನಲ್ಲಿ ಓದಿದ್ದನ್ನು ಓದು ಬಾರದ ಅಜ್ಜಿಗೆ ಅರ್ಥವಾಗುವಂತೆ ಹೇಳುವ ಕೆಲಸ. ಅಜ್ಜಿ "ಹಂಗಂದ್ರೇನಲಾ?" ಎಂದಾಗಲೆಲ್ಲ ಅವನು ಮತ್ತೆ ಓದಬೇಕಿತ್ತು, ಉರುಹೊಡೆಯುವ ಚಟ ಹಾಗೆ ಬಿಟ್ಟಿತು. ಕಿರಿಯವನಿಗೆ ಅಂಗಳದ ತುಂಬ ಸುಣ್ಣದಲ್ಲಿ ಅಕ್ಷರ ಬರೆದು, ಹೆಸರು ಕೂಗಿದರೆ ಅದರ ಮೇಲೆ ನೆಗೆಯಬೇಕೆಂದರು. "ಇವ ಕುಂತು ಕಲಿಯೋನಲ್ಲಕ್ಕ, ಕುಣಿದು ಕಲಿಯೋನು." ಮಗಳನ್ನು ಮಾತ್ರ ತಮ್ಮ ಮೊಣಕಾಲಿಗೆ ತಾಗಿಸಿ ಕೂರಿಸಿಕೊಳ್ಳುತ್ತಿದ್ದರು. ಅವಳು ತಪ್ಪಿದಾಗಲೆಲ್ಲ ತಮ್ಮೂರಿನ ತೆಲುಗಿನಲ್ಲಿ, "ಪರವಾಲೇದು", ಪರವಾಗಿಲ್ಲ, ಎನ್ನುತ್ತಿದ್ದರು. ಅಷ್ಟು ಹೇಳಿ ಸ್ಲೇಟು ಒರೆಸಿ ಮತ್ತೆ ಬರೆಯುತ್ತಿದ್ದರು.

ಮಗಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅರ್ಕಾವೊತ್ತು. ಬರೆಯುವಾಗ ಅಕ್ಷರದ ಹಿಂದೆ ಬಾಲದಂತೆ ಕೂರುತ್ತದೆ, ಓದುವಾಗ ಅಕ್ಷರಕ್ಕಿಂತ ಮುಂದೆ ಬರುತ್ತದೆ. 'ಸೂರ್ಯ' ಅವಳ ಬಾಯಲ್ಲಿ 'ಸೂಯರ್' ಆಗುತ್ತಿತ್ತು. ನಾನು ತಲೆ ಚಚ್ಚಿಕೊಂಡರೆ ಟೀಚರಮ್ಮ ಹೇಳಿದರು: "ಹಿಂದೆ ಕುಂತಿರೋದನ್ನ ಮೊದ್ಲು ಓದ್ಬೇಕು ಅಂತ ಯಾವ ಕಣ್ಣಿಗೆ ತಿಳೀತೈತೆ ಹೇಳ್ರಿ? ನಿಮ್ಮ ಮಗಳೂ ಅರ್ಕಾವೊತ್ತೇ ಕಣಕ್ಕ. ಹಿಂದೆ ಕುಂತೈತೆ. ಮೊದ್ಲು ಅವಳನ್ನ ಓದ್ರಿ."

ಓದುವುದಕ್ಕೆ ನನಗೆಲ್ಲಿ ಪುರುಸೊತ್ತು? ನನಗೆ ಗೊತ್ತಿದ್ದದ್ದು ಸ್ಯಾಂಪಲ್. ಕಡಲೆಬೀಜದ ಚೀಲ ಬಂದರೆ ಬಿಚ್ಚಿ ನೋಡುವವರು ಯಾರು? ಚೂಪು ಕೊಳವೆ ಚುಚ್ಚುತ್ತೇವೆ, ಒಳಗಿಂದ ಹಿಡಿ ಬೀಜ ಬೀಳುತ್ತದೆ, ಅದನ್ನು ನೋಡಿ ಇಡೀ ಚೀಲಕ್ಕೆ ರೇಟು ಕಟ್ಟುತ್ತೇವೆ. ಮಕ್ಕಳಿಗೂ ಅದನ್ನೇ ಮಾಡುತ್ತಿದ್ದೆ. ಮಿಲ್ಲಿನಿಂದ ಬಂದವಳೇ ಯಾವುದೋ ಪುಟ ತೆರೆದು, ಯಾವುದೋ ಸಾಲಿಗೆ ಬೆರಳಿಟ್ಟು, "ಓದು" ಎನ್ನುತ್ತಿದ್ದೆ. ಎರಡನೇ ವರ್ಷ ಮುಗಿಯುತ್ತಾ ಬಂದಾಗ ಟೀಚರಮ್ಮ ಒಂದು ದಿನ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು.

"ದಿನಾ ಚುಚ್ಚಿದ್ರೆ ಚೀಲ ಸೋರ್ತೈತಕ್ಕ. ಇನ್ನೊಂದು ನಾಕು ತಿಂಗಳು ಮಗಳ ಕೈಲಿ ಯಾರ ಮುಂದೂ ಜೋರಾಗಿ ಓದಿಸಬೇಡ್ರಿ. ಓದು ಒಳಗೆ ಕೂಡ್ತಾ ಐತೆ, ನಂಗೆ ಕಾಣ್ತೈತೆ."

ನಾಲ್ಕು ತಿಂಗಳು ನಾನು ಕಾಯಲಿಲ್ಲ. ಒಂದೂವರೆ ತಿಂಗಳಿಗೆ ನನ್ನ ಅಣ್ಣ ತನ್ನ ಮಗಳ ಲಗ್ನಪತ್ರಿಕೆ ಕೊಡಲು ಬೀಗರನ್ನೂ ಕರೆದುಕೊಂಡು ಬಂದ. ಹಜಾರದ ತುಂಬ ಜನ. "ಶಾಲೆ ಬಿಡಿಸಿ ಮಕ್ಕಳನ್ನ ಮಿಲ್ಲಿಗೆ ಹಾಕ್ಬೇಕು ಅಂತ ಮಾಡೀಯೇನಮ್ಮ?" ಎಂದು ಅಣ್ಣ ಕುಟುಕಿದ. ನನಗೆ ಮೈ ಉರಿಯಿತು. ದೊಡ್ಡವನ ಕೈಲಿ ಓದಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಳಪೆ ಎನ್ನಿಸುವ ಮಾಲನ್ನೇ ಮುಂದಿಟ್ಟು ಗೆದ್ದರೆ ಗಿರಾಕಿ ಬಾಯಿ ಮುಚ್ಚುತ್ತಾನೆಂಬ ವ್ಯಾಪಾರದ ಬುದ್ಧಿ ನನ್ನದು. ಮಗಳನ್ನು ಕರೆದೆ. ಟೀಚರಮ್ಮ ಬಾಗಿಲಲ್ಲಿ ನಿಂತು ಬೇಡವೆಂದು ತಲೆಯಾಡಿಸಿದ್ದನ್ನು ನೋಡಿದೆ. ನೋಡಿಯೂ ಪತ್ರಿಕೆ ಅವಳ ಕೈಗೆ ಕೊಟ್ಟೆ.

ಅವಳು ನಿಧಾನವಾಗಿ, ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದಳು. ಐದು ಸಾಲು ಸರಿಯಾಗಿ ಓದಿದಳು. ಇದನ್ನು ನಾನು ಆಮೇಲೆ ಲೆಕ್ಕ ಹಾಕಿದ್ದು. ಆಗ ಎಣಿಸಿದವರು ಯಾರೂ ಇಲ್ಲ. ಕೊನೆಯಲ್ಲಿ 'ಆಶೀರ್ವಾದ' ಬಂತು.

"ಆ... ಶೀ... ವಾರ್ದ."

ಅಣ್ಣ ನಕ್ಕ. ಬೀಗರು ನಕ್ಕರು. "ವಾರದ ಸಂತೆಗೆ ಹೊಂಟೀಯೇನೇ?" ಎಂದರು ಯಾರೋ. ಅವಳ ಅಣ್ಣನೂ ನಕ್ಕ. ಮಗಳು ಪತ್ರಿಕೆಯನ್ನು ಮಡಚಿ ಜೋಪಾನವಾಗಿ ನೆಲದ ಮೇಲಿಟ್ಟಳು.

ನಾನು ಅವಳನ್ನು ಎತ್ತಿಕೊಳ್ಳಬೇಕಿತ್ತು. ಅದು ಬಿಟ್ಟು ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದೆ: "ಎರಡು ವರ್ಷ ನನ್ನ ಮನಿ ಎಣ್ಣೆ ತಿಂದು ಕಲಿಸಿದ್ದು ಇಷ್ಟೇನಾ ಟೀಚರಮ್ಮ?"

ಅವರು ಒಳಗೆ ಬಂದು ಮಗಳ ಮುಂದೆ ಕೂತರು. "ನೀನು ಕಣ್ಣಿಗೆ ಕಂಡಂಗೆ ಓದಿದೀಯ ಕೂಸೇ. ಬರ್ದೋರು ಹಂಗೇ ಬರ್ದವರೆ" ಎಂದರು. ಆ ತಿಂಗಳ ಎಣ್ಣೆ ಡಬ್ಬಿ ಮೂಲೆಯಲ್ಲೇ ಇತ್ತು. ಅದನ್ನು ಬಿಟ್ಟು ಹೋದವರು ಮತ್ತೆ ಬರಲಿಲ್ಲ.

ಮಕ್ಕಳು ಮತ್ತೆ ಶಾಲೆಗೆ ಸೇರಿದರು. ಹುಡುಗರಿಬ್ಬರೂ ದಡ ಸೇರಿದರು. ಅವರ ಚಿಂತೆ ನನಗೆ ಆಗಲೂ ಇರಲಿಲ್ಲ. ಮಗಳು ಜೋರಾಗಿ ಓದುವುದನ್ನು ಬಿಟ್ಟಳು. ಹೊಡೆದರು, ಬೆಂಚಿನ ಮೇಲೆ ನಿಲ್ಲಿಸಿದರು, ಅವಳು ತುಟಿ ಬಿಚ್ಚಲಿಲ್ಲ. ನಾನೂ ಒಂದು ಸಲ ಹೊಡೆದೆ.

ವರ್ಷದ ಮೇಲೆ ಸೋತು, ಟೀಚರಮ್ಮನನ್ನು ವಾಪಸು ಕರೆತರಲು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಭಾವನ ಮನೆ ಬಿಟ್ಟು ತವರಿಗೆ ಹೋಗಿದ್ದರು. ಪಡಸಾಲೆಯಲ್ಲಿ ಕೂತು ಮಗ್ಗದವರಿಗೆ ರೇಷ್ಮೆ ನೂಲು ಸುತ್ತುತ್ತಿದ್ದರು. ಮುಂಗೈ ಸ್ವಚ್ಛವಾಗಿತ್ತು.

"ಪಾಠ ಬಿಟ್ಟೆನಕ್ಕ. ನೂಲಿಗೆ ಯಾರೂ ನಗಲ್ಲ." ನೀರು ಕೊಟ್ಟರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಕೂಸು ಓದ್ತೈತಾ?"

ನಾನು ಹೋಗಿದ್ದೇ ಆ ಮಾತು ಹೇಳಲು. ಆದರೆ ಜೀವಮಾನದಲ್ಲಿ ಎದುರಿನವರಿಗೆ ನನ್ನ ಗರಜು ತೋರಿಸಿದವಳಲ್ಲ. ತೋರಿಸಿದರೆ ರೇಟು ಏರುತ್ತದೆ. ಬಾಯಿ ತಾನೇ ಅಂದುಬಿಟ್ಟಿತು: "ಓ, ಚೆನ್ನಾಗಿ ಓದ್ತಾಳೆ."

ಅವರ ಮುಖ ಅರಳಿದ್ದನ್ನು ಏನೆಂದು ಹೇಳಲಿ. "ನಾ ಅಂದಿರ್ಲಿಲ್ವಾ? ಒಳಗೆ ಕೂಡ್ತಾ ಐತೆ ಅಂತ!" ಎಂದು ಒಳಗಿದ್ದ ತಾಯಿಯನ್ನು ಕೂಗಿ ಕರೆದು ಹೇಳಿದರು. ಅಷ್ಟು ಖುಷಿಯಾದವರ ಮುಂದೆ 'ವಾಪಸು ಬನ್ನಿ' ಎಂದು ಹೇಗೆ ಕೇಳುವುದು? ಕಾಫಿ ಕುಡಿದು ಬಂದೆ.

ಟೀಚರಮ್ಮ ತೀರಿಕೊಂಡ ಸುದ್ದಿ ಬಂದಾಗ ಮಗಳಿಗೆ ಹತ್ತೊಂಬತ್ತು. ನಾನೂ ಬರ್ತೀನಿ ಎಂದೆ. "ಬ್ಯಾಡವ್ವ, ನಾನೊಬ್ಳೇ ಹೋಗ್ತೀನಿ" ಎಂದು ಹೋದಳು. ಸಂಜೆ ಬಂದವಳು ಚಪ್ಪಲಿ ಕೂಡ ಬಿಡದೆ ನಿಂತು ಕೇಳಿದಳು.

"ನಾನು ಚೆನ್ನಾಗಿ ಓದ್ತೀನಿ ಅಂತ ಅವರಿಗೆ ಹೇಳಿದ್ದೆಯಂತೆ. ಸಾಯೋವರೆಗೂ ಅದನ್ನೇ ಹೇಳ್ಕೊಂಡಿದ್ರಂತೆ. ಅವತ್ತು ನಿಜ ಹೇಳಿದ್ರೆ ಬರ್ತಿದ್ರಲ್ವೇನವ್ವ?"

ಬರ್ತಿದ್ದರು. ಅದೇ ಬಸ್ಸಿಗೆ ನನ್ನ ಜೊತೆ ಹತ್ತುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಈಗ ಮಕ್ಕಳಿಗೆ ಮನೆಯಲ್ಲಿ ಕಲಿಸುತ್ತೇವೆ ಎನ್ನುವ ಎಳೆಯ ತಾಯಂದಿರು ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ನಿಮಗೂ ಹೇಳುತ್ತೇನೆ, ಕೇಳಿ. ಮಕ್ಕಳು ಎಷ್ಟು ಜನವೋ ಅಷ್ಟು ಪಾಠವೆಂದು ಮೊದಲೇ ಒಪ್ಪಿಕೊಳ್ಳಿ, ಅದರಲ್ಲಿ ಉಳಿತಾಯ ಹುಡುಕಬೇಡಿ. ತಡವರಿಸುವ ಮಗುವನ್ನು ನೆಂಟರ ಮುಂದೆ ಓದಿಸಬೇಡಿ. ನೆಂಟರು ಕಾಫಿ ಕುಡಿದು ಹೋಗುತ್ತಾರೆ, ಮಗು ಅಲ್ಲೇ ನಿಂತಿರುತ್ತದೆ. ಕಲಿಸುವವರು ನಾಲ್ಕು ತಿಂಗಳು ಎಂದರೆ ಐದು ಕೊಡಿ. ಇಷ್ಟಾಗಿಯೂ ನಾಲಿಗೆ ಜಾರಿ ಅವರನ್ನು ಕಳೆದುಕೊಂಡರೆ ಅದೇ ವಾರ ಹೋಗಿ. ಮಗು ಹೇಗಿದೆ ಎಂದು ಅವರು ಕೇಳಿದರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ.