ಕಡೀ ಸಾಲಿನ ತುಪ್ಪ

ಅಮರಯ್ಯಣ್ಣ ನಮ್ಮ ಬಡಸೋ ಗ್ಯಾಂಗಿಗೆ ದೊಡ್ಡಾಂವ. ನಾವು ಹನ್ನೆರಡು ಮಂದಿ. ಹೈದರಾಬಾದಿನಾಗ ನಮ್ಮ ಕನ್ನಡ ಮಂದಿ ಮದುವಿ ಇದ್ರ ಎಲಿ ಹಾಕೂದರಿಂದ ಎಲಿ ಎತ್ತೋತನಕ ನಮ್ದ ಕೆಲಸ. ನಂದು ಸಾರಿನ ಬಕೀಟು.

ಅಣ್ಣಗ ಒಂದ ಚಟ, ಬ್ರಿಟಿಷರ ಕಾಲದ ಲಡಾಯಿ ಸಿನಿಮಾ. ಆಯ್ತವಾರ ಮಲ್ಕಾಜ್‌ಗಿರಿಯ ತನ್ನ ಖೋಲಿಗೆ ನಮ್ಮನ್ನ ಕರೀತಾನ. ಟಿವಿ ಹಚ್ಚತಾನ, ನಡನಡಕ ನಿಲ್ಲಿಸಿ ಪಾಠ ಹೇಳತಾನ. ಒಮ್ಮೆ ಅಂದ:

"ನೋಡ್ರಿಲೇ, ಈ ಸಾಹೇಬ ಯಾಕ ಸೋತ? ಸಿಪಾಯಿಗೆ ನೀರು ಕೊಡದ ತಾ ಚಹಾ ಕುಡದ."

ಅವತ್ತಿಂದ ಅಣ್ಣ ನಮ್ಮೆಲ್ಲರ ಊಟ ಆದ ಮ್ಯಾಲೆನ ಉಣ್ಣತಾನ. ಇದು ನಮಗ ಪಸಂದ ಆತು.

ಹೋದ ತಿಂಗಳ ನೋಡಿದ ಒಂದು ಸಿನಿಮಾದಾಗ ಸಾಹೇಬ ಗುಡ್ಡ ಏರಿ, ದುರ್ಬೀನು ಹಿಡದು, ಬಾವುಟ ಬೀಸಿ ಲಡಾಯಿ ನಡಸಿದ. ಸೋತ. ಆದ್ರ ಅಣ್ಣಗ ಗುಡ್ಡ ಹಿಡಿಸ್ತು.

"ಬಾವುಟ ಯಾರಿಗೂ ಕಾಣಲಿಲ್ಲ. ಸೀಟಿ ಇದ್ದಿದ್ರ ಗೆಲ್ತಿದ್ದ," ಅಂದ.

ಮುಂದಿನ ಮದುವಿ ದಿಲ್‌ಸುಖ್‌ನಗರದಾಗ. ಹುಡುಗಿ ತಾಯಿ ಶಿವದೇವಿಬಾಯಿ ಮುಂಜಾನೆನ ಬಂದ್ರು.

"ಅಮರಯ್ಯನವರ, ನಿಶ್ಚಯದ ಊಟಕ್ಕ ಬ್ಯಾರೆ ಮಂದಿ ಬಡಸಿದ್ರು. ಬೀಗರ ಅಜ್ಜಾರ ಎಲಿಗೆ ತುಪ್ಪನ ಬೀಳಲಿಲ್ಲ. ಇನ್ನೊಮ್ಮೆ ಹಂಗಾದ್ರ ನನ್ನ ಮಗಳು ಜನ್ಮಪೂರ್ತಿ ಮಾತು ಕೇಳಬೇಕಾಗ್ತೈತಿ."

"ನೀವು ನಿಶ್ಚಿಂತಿ ಇರ್ರಿ ತಾಯಿ," ಅಂದ ಅಣ್ಣ. ಪಂಕ್ತಿ ಕುಂದರೂದಕ್ಕ ಸ್ಟೇಜ್ ಏರಿದ. ಕೊಳ್ಳಾಗ ಸೀಟಿ.

ಒಂದು ಸೀಟಿಗೆ ಉಪ್ಪು, ಎರಡಕ್ಕ ಪಲ್ಯ, ಮೂರಕ್ಕ ಹೋಳಿಗಿ, ನಾಕಕ್ಕ ತುಪ್ಪ. ಚಲೋ ನಡೀತು, ನಮಗೂ ಮೋಜು. ತುಪ್ಪದ ನಿಶಾಂತಂದು ಗಿಂಡಿ ಖಾಲಿ ಆತು, ತುಂಬಾಕ ಒಳಗ ಹೋದ. ಕಂಬದ ಹಿಂದಿನ ಕಡೀ ಸಾಲು ಉಳದಿತ್ತು. ಸ್ಟೇಜಿಗೆ ಅದು ಕಾಣಂಗಿಲ್ಲ. ಎಲ್ಲಾ ಮುಗೀತು ಅಂತ ಅಣ್ಣ ಉದ್ದನ ಸೀಟಿ ಹೊಡದ.

ನಮ್ಮಲ್ಲಿ ಕಡೀ ಎಲಿಗೆ ತುಪ್ಪ ಬಿದ್ದು, ಹಿರೇರು "ಹರಹರ ಮಹಾದೇವ" ಅನ್ನೋತನಕ ಯಾರೂ ತುತ್ತು ಎತ್ತಂಗಿಲ್ಲ. ಅವತ್ತಿನ ಹಿರೇರು ಅಂದ್ರ ಅದೇ ಬೀಗರ ಅಜ್ಜಾರು, ಹಣಮಂತರಾಯರು. ಫ್ಯಾನ್ ಐತಿ ಅಂತ ಕಂಬದ ಹಿಂದನ ಕುಂತಿದ್ರು.

ಇನ್ನೂರು ಮಂದಿ ಕೈ ಕಟಗೊಂಡು ಕುಂತ್ರು. ಶಿವದೇವಿಬಾಯಿ ಮಾರಿ ಸಣ್ಣದಾತು.

ಕಡೀ ಸಾಲು ಉಳದದ್ದು ಆಗ ತಿಳದು ಅಣ್ಣ ಸ್ಟೇಜಿಂದ ಜಿಗದ. ಒಳಗಿಂದ ಬರಾಕತ್ತಿದ್ದ ನಿಶಾಂತನ ಕೈಯಾಗಿನ ಗಿಂಡಿ ಕಸಗೊಂಡು ಕಂಬದ ಹಿಂದ ಓಡಿದ.

"ಏನಪಾ, ಇವತ್ತ ತುಪ್ಪದ ಬದಲಿ ಸೀಟಿ ಬಡಸಾಕತ್ತೀಯೇನು?" ಅಂದ್ರು ಅಜ್ಜಾರು.

"ತಪ್ಪು ನಂದ್ರಿ ಅಜ್ಜಾರ. ಹುಡುಗಿ ಮನಿಯವರದಲ್ಲ. ನಿಮ್ಮ ಎಲಿ ಮುಂದ ನಿಂದರಬೇಕಾದಾಂವ ಗುಡ್ಡದ ಮ್ಯಾಲೆ ನಿಂತಿದ್ದೆ."

"ಯಾವ ಗುಡ್ಡಲೇ?"

ಅಣ್ಣ ಸ್ಟೇಜ್ ತೋರಿಸಿದ. ಅಜ್ಜಾರು ಸ್ಟೇಜ್ ನೋಡಿದ್ರು, ಕೊಳ್ಳಾಗಿನ ಸೀಟಿ ನೋಡಿದ್ರು. ನಗಿಗೆ ಅವರ ಹೊಟ್ಟಿ ಅಳ್ಳಾಡಾಕತ್ತು.

"ಹೋಳಿಗಿ ಮುಳಗೂವಂಗ ಹಾಕು," ಅಂದ್ರು. ಆಮ್ಯಾಲೆ ಒದರಿದ್ರು ನೋಡ್ರಿ ಮಹಾದೇವನ್ನ, ಅಡಗಿಮನಿತನಕ ಕೇಳಿಸ್ತು. ಶಿವದೇವಿಬಾಯಿ ಉಸ್ಸಂತ ಅಲ್ಲೆ ಕಂಬಕ್ಕ ಆನಗೊಂಡು ಕುಂತಬಿಟ್ರು.

ಈಗ ಪಂಕ್ತಿ ಕುಂತಕೂಡ್ಲೆ ಅಣ್ಣ ಕಡೀ ಸಾಲಿಗೆ ಹೋಗಿ ನಿಲ್ತಾನ. ತುಪ್ಪದ ಗಿಂಡಿ ಅವನ ಕೈಯಾಗ. ಸಿನಿಮಾ ಬಿಟ್ಟಿಲ್ಲ. ಯಾವನರ ಸಾಹೇಬ ಗುಡ್ಡ ಏರಾಕತ್ತಿದ್ರ ಟಿವಿಗೆ ಹೇಳತಾನ:

"ಇಳೀಪಾ ಕೆಳಗ. ಕಂಬದ ಹಿಂದ ಯಾರು ಕುಂತಾರ ನೋಡು."