ಹಾರದ ಕ್ಯಾಮೆರಾ

ನನ್ನ ಕೆಲಸ ಏನೆಂದು ಅಕ್ಕನಿಗೆ ಅರ್ಥವಾದದ್ದು ಕೊರೊನಾ ಕಾಲದಲ್ಲಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನ ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡುತ್ತಿದ್ದರಲ್ಲ, ಅದನ್ನು ಕಂಡು ಬಂದವಳೇ ಫೋನ್ ಮಾಡಿದಳು.

"ನೀನು ಮಾಡ್ತಿರೋದೂ ಇಂಥದ್ದೇ ಏನೇ?"

"ಹೆಚ್ಚುಕಮ್ಮಿ ಇಂಥದ್ದೇ ಕಣಕ್ಕ. ನಾವು ನಕ್ಷತ್ರಕ್ಕೆ ಜ್ವರ ನೋಡ್ತೀವಿ."

ಅಷ್ಟು ಸಾಕಾಯಿತು. ತನ್ನೂರು ಸಾದಲಿಯ ತುಂಬಾ ಡಂಗುರ ಸಾರಿದಳು.

ಲ್ಯಾಬಿನಲ್ಲಿ ನಾವು ಮಾಡುತ್ತಿದ್ದುದು ಅವಕೆಂಪು ಕ್ಯಾಮೆರಾ. ಅದಕ್ಕೆ ಕಾಣುವುದು ಶಾಖ. ನಕ್ಷತ್ರಗಳ ಶಾಖವನ್ನು ಗಾಳಿಯ ತೇವ ತಡೆಯುತ್ತದೆ. ಅದಕ್ಕೇ ಹೊರದೇಶದವರು ದೂರದರ್ಶಕವನ್ನು ವಿಮಾನದಲ್ಲಿಟ್ಟು ಮೋಡದ ಮೇಲೆ ಹಾರಿಸುತ್ತಿದ್ದರು. ನಮ್ಮ ಕ್ಯಾಮೆರಾ ಅದರಲ್ಲಿ ಕೂರಬೇಕಿತ್ತು. ಅದನ್ನು ಮೈ ಕೊರೆಯುವ ಚಳಿಯಲ್ಲೇ ಇಡಬೇಕು, ಇಲ್ಲದಿದ್ದರೆ ತನ್ನ ಬಿಸಿಯಲ್ಲೇ ಕುರುಡಾಗುತ್ತದೆ.

ಆಮೇಲೆ ಅಕ್ಕನಿಗೇ ಸಂಜೆ ಸಂಜೆ ಜ್ವರ ಬರತೊಡಗಿತು. ರಕ್ತದ ಕ್ಯಾನ್ಸರ್ ಅಂದರು. ಅವಳು ಕೇಳಿದ್ದು ಒಂದೇ: "ಮೇಲೆ ಹೋದ್ಮೇಲೆ ಅದು ತೆಗೆಯೋ ಮೊದಲ್ನೇ ಫೋಟೊ ನನಗೇ ತೋರಿಸ್ಬೇಕು." ಹೂಂ ಅಂದೆ. ಹಗಲೂ ರಾತ್ರಿ ದುಡಿದೆವು.

ಕ್ಯಾಮೆರಾ ಸಿದ್ಧವಾದ ಮೇಲೆ ಮೇಲ್ ಬಂತು. ಖರ್ಚು ಜಾಸ್ತಿಯಂತೆ, ವಿಮಾನವನ್ನೇ ನಿಲ್ಲಿಸಿಬಿಟ್ಟರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಸಾದಲಿಗೆ ಹೋಗಿ ಹೇಳಿದೆ. ಹಾಸಿಗೆ ಹಿಡಿದಿದ್ದ ಅಕ್ಕ ನನಗಿಂತ ಜೋರಾಗಿ ಬೈದಳು. "ಹಾಳಾದೋರು! ಮೊದ್ಲೇ ಹೇಳಕ್ಕೆ ಏನಾಗಿತ್ತು ಅವ್ರಿಗೆ?" ಬೈದು ಸುಸ್ತಾಗಿ ಕೇಳಿದಳು, "ಹಂಗಾದ್ರೆ ಅದು ಏನೂ ನೋಡ್ಲೇ ಇಲ್ವಾ?"

ಲ್ಯಾಬಿನಲ್ಲಿ ಪರೀಕ್ಷೆಗೆಂದು ತೆಗೆದ ಒಂದು ಚಿತ್ರ ಫೋನಿನಲ್ಲಿತ್ತು. ಬಿಸಿನೀರಿನ ಲೋಟ, ಅದನ್ನು ಹಿಡಿದ ನನ್ನ ಕೈ. ಬಿಸಿ ಇದ್ದ ಕಡೆಯೆಲ್ಲ ಬೆಳ್ಳಗೆ. ಅಕ್ಕ ಬಹಳ ಹೊತ್ತು ನೋಡಿದಳು.

"ನನ್ನ ಕೈದೂ ಒಂದು ತೆಗಿಯೇ. ನಾನು ಹೆಂಗೆ ಕಾಣ್ತೀನೋ ನೋಡಣ."

ಕಾರಿನಲ್ಲಿ ಮಲಗಿಸಿಕೊಂಡು ಲ್ಯಾಬಿಗೆ ಕರೆತರುತ್ತೇನೆ ಎಂದರು ಭಾವ. ನಾನು ಕೂಡಲೇ ಲ್ಯಾಬಿಗೆ ಫೋನ್ ಮಾಡಿದೆ. ಇನ್ನು ಬೇಡವೆಂದು ತಣಿಸುವ ಯಂತ್ರವನ್ನು ಆಗಲೇ ಆರಿಸಿದ್ದರು. ಕ್ಯಾಮೆರಾ ಬಿಸಿಯಾಗಿ ಹೋಗಿತ್ತು. ಮತ್ತೆ ತಣ್ಣಗಾಗಲು ದಿನಗಳೇ ಬೇಕು. ಅವಸರ ಮಾಡಿದರೆ ಒಳಗಿನ ಗಾಜು ಬಿರುಕು ಬಿಡುತ್ತದೆ. ಓಡಿಹೋಗಿ ನಾನೇ ಯಂತ್ರ ಹಾಕಿದೆ.

ಎರಡನೆಯ ದಿನ ಬೆಳಗ್ಗೆ ಉಷ್ಣಮಾಪಕದ ಮುಂದೆ ಕೂತಿದ್ದೆ. ಭಾವನ ಫೋನ್ ಬಂತು. ಹೊರಟಿರಬೇಕು ಅಂದುಕೊಂಡು, "ಇನ್ನೂ ತಣ್ಣಗಾಗಿಲ್ಲ ಭಾವ, ನಾಳೆ ಕರ್ಕೊಂಡು ಬನ್ನಿ" ಅಂದೆ. ಆ ಕಡೆ ಅವರು ಅಳುತ್ತಿದ್ದರು.