ತಿಪ್ಪೆಯಲ್ಲಿ ಸಿಕ್ಕ ಜೋಳ

ಮುಸುಕಿನ ಜೋಳದ ಬೂಷ್ಟಿನಲ್ಲಿರುವ ವಿಷ ಪರೀಕ್ಷಿಸುವುದು ನನ್ನ ಕೆಲಸ. ಕೊಣನೂರಿನ ಹತ್ತಿರದ ಒಂದು ಊರಲ್ಲಿ ಜಯಮ್ಮ ಎಂಬ ರೈತ ಮಹಿಳೆ ನನಗೆ ಕಾಫಿ ಕೊಟ್ಟು, ಮೊರದ ತುಂಬ ಜೋಳ ತಂದಿಟ್ಟರು. ಒಂದು ಕಾಳೂ ಕೆಟ್ಟಿರಲಿಲ್ಲ.

“ಬೂಷ್ಟು ಹಿಡಿದದ್ದೇ ಬೇಕು ಅಂದಿದ್ದೆನಲ್ಲಮ್ಮ?”

“ಮನೇಗ್ ಬಂದೋರ್ಗೆ ಅಂತಾದ್ ಕೊಡಕ್ಕಾಯ್ತದಾ ಸಾ? ಎಲ್ಲಾ ಆರ್ಸಿ ತೆಗ್ದ್ಬುಟ್ಟೆ.”

ಆ ವಿಷ ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ಅರ್ಧ ಲೋಟ ಕಾಫಿ ಆಗಲೇ ನನ್ನ ಹೊಟ್ಟೆಯಲ್ಲಿತ್ತು.

“ಹಸುಗೆ ಹಾಕಿದ್ರಾ?”

“ಅಸ ಏನ್ ಪಾಪ ಮಾಡಿತ್ತು? ತಿಪ್ಪೆಗ್ ಸುರ್ದೆ.”

ಹೋದ ಜೀವ ಬಂದಂತಾಯಿತು. ಉಳಿದ ಕಾಫಿಯನ್ನೂ ಕುಡಿದು, ತಿಪ್ಪೆಯ ಪಕ್ಕ ಕೂತು ಕಾಳು ಆರಿಸತೊಡಗಿದೆ. ಜಯಮ್ಮ ಬೀದಿಯ ಕಡೆ ನೋಡಿ, “ಯಾರಾರ ಕೇಳಿದ್ರೆ ಉಂಗ್ರ ಬಿದ್ದೋಗೈತೆ ಅನ್ನಿ ಸಾ” ಎಂದರು.

ಆ ಊರಿಗೆ ಹೋದಾಗೆಲ್ಲ ಜನ ಈಗಲೂ ನನ್ನ ಉಂಗುರವನ್ನೇ ವಿಚಾರಿಸುತ್ತಾರೆ.